ಗೋತ್ರ ಗೊತ್ತಿಲ್ಲದ ಪ್ರಿಂಟರ್ ಸಾಹೇಬರು

ತೊಂಬತ್ತರ ದಶಕದ ಕೊನೆಯಲ್ಲಿ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಡಾಕ್ಟರು ಯಾರ ಮನೆಗೆ ಹೋದರೂ ಬೆಲ್ ಒತ್ತುವ ಮೊದಲು ಬಾಗಿಲ ಮೇಲಿನ ನಂಬರನ್ನು ಬೆರಳಿನಿಂದ ಸವರುತ್ತಿದ್ದರು. "ನಮ್ಮ ಪ್ರಿಂಟರ್ ಸಾಹೇಬ್ರು ಈ ಓಣ್ಯಾಗ ಅಡ್ಡಾಡ್ಯಾರ್ರೀ" ಎನ್ನುವುದು ಅವರ ಪಲ್ಲವಿ.

ಆ ಸಾಹೇಬರು ತೀರಿಕೊಂಡು ನೂರು ವರ್ಷದ ಮೇಲಾಗಿತ್ತು. ಬೀದಿಬೀದಿ ಸುತ್ತಿ, ಊರಿನ ಅಂಗಡಿಕಾರರ, ಕಸುಬುದಾರರ ಹೆಸರು ವಿಳಾಸ ಕೇಳಿ ಬರೆದುಕೊಂಡು, ತಾನೇ ಅಚ್ಚಿನ ಮೊಳೆ ಜೋಡಿಸಿ ಡೈರೆಕ್ಟರಿ ಅಚ್ಚು ಹಾಕಿದ್ದ ಆಂಗ್ಲ ಮನುಷ್ಯ. ರಿಟೈರಾದ ಮೇಲೆ ಡಾಕ್ಟರು ಲೈಬ್ರರಿಯಲ್ಲಿ ಕೂತು ಅವನ ಬದುಕನ್ನು ಹೆಕ್ಕುತ್ತಿದ್ದರು.

"ನಮ್ಮ ಮದುವಿ ತಾರೀಖು ಮರೀತಾರ, ಆ ಪ್ರಿಂಟರಂದು ಮರಿಯಂಗಿಲ್ಲ" ಎಂದು ಅವರ ಹೆಂಡತಿ ಗೊಣಗುತ್ತಿದ್ದರು.

ಒಂದು ಮಹಾಲಯ ಅಮಾವಾಸ್ಯೆಗೆ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಹಿರಿಯರಿಗೆಲ್ಲ ತರ್ಪಣ ಮುಗಿಯುತ್ತ ಬಂದಾಗ ಡಾಕ್ಟರು, "ಇನ್ನೊಬ್ಬರು ಇದ್ದಾರ" ಎಂದು ಸಾಹೇಬರ ಹೆಸರು ಹೇಳಿದರು.

ಪುರೋಹಿತರು ಕನ್ನಡಕ ಏರಿಸಿಕೊಂಡು, "ಗೋತ್ರ?" ಎಂದರು.

"ಗೋತ್ರ ಗೊತ್ತಿಲ್ಲ. ವಿಳಾಸ ಗೊತ್ತದ." ಬೀದಿಯ ಹೆಸರು, ಮನೆ ನಂಬರು ಎರಡನ್ನೂ ಹೇಳಿಯೇಬಿಟ್ಟರು.

ನಾವು ನಕ್ಕೆವು. ಅವರು ನಗಲಿಲ್ಲ. "ಇಡೀ ಊರಿನ ವಿಳಾಸ ಬರದಿಟ್ಟಾರ. ಮಕ್ಕಳಿಲ್ಲ. ಅವರನ್ನ ಕೇಳಿಕೊಂಡು ಹೋಗೋರು ಯಾರಿದ್ದಾರ?"

"ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಅಂತ ಹೇಳೋದುಂಟು" ಎಂದು ಪುರೋಹಿತರು ತರ್ಪಣ ಬಿಡಿಸಿದರು.

ಅಷ್ಟರಲ್ಲಿ ಡಾಕ್ಟರ ಹೆಂಡತಿ ಅಡುಗೆಮನೆಯಿಂದ ಒಂದು ಪುಟ್ಟ ತಟ್ಟೆ ಹಿಡಿದು ಬಂದರು.

"ಸಾಹೇಬ್ರ ವಡಿ ಮುಂಜಾನೆನ ಬ್ಯಾರೆ ಮಾಡಿಟ್ಟೀನಿ" ಎಂದರು. "ಮೆಣಸು ಹಾಕಿಲ್ಲ."