ಅಕ್ಕನ ಕಣ್ಣಿಗೆ ನಾನು ಕೊಟ್ಟ ಔಷಧ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಮೆಡಿಕಲ್ ಶಾಪ್. ಮೂವತ್ತು ವರ್ಷದಿಂದ ಅದೇ ಕೌಂಟರಿನ ಹಿಂದೆ ನಿಂತಿದ್ದೇನೆ. ನಿಂತೂ ನಿಂತೂ ನಾನೇ ಅರ್ಧ ಡಾಕ್ಟರ್ ಅಂತ ನನಗೆ ಅನ್ನಿಸಿಬಿಟ್ಟಿತ್ತು. ಬರುವವರೂ ಹಾಗೇ ಉಬ್ಬಿಸುತ್ತಿದ್ದರು. "ಡಾಕ್ಟ್ರ ಹತ್ರ ಹೋದ್ರೆ ಅರ್ಧ ದಿನ ಹೋಗ್ತೈತ್ರಿ, ನೀವೇ ಏನಾರ ಕೊಡ್ರಿ" ಅನ್ನುತ್ತಿದ್ದರು. ನಾನೂ ಕೊಡುತ್ತಿದ್ದೆ. ಕೆಮ್ಮಿಗೆ, ತುರಿಕೆಗೆ, ಹೊಟ್ಟೆನೋವಿಗೆ. ಡಾಕ್ಟರ ಚೀಟಿ ಕೇಳುವ ಅಂಗಡಿಯವನು ಜಂಬಗಾರ, ಕೇಳದೆ ಕೊಡುವವನು ಒಳ್ಳೆಯ ಮನುಷ್ಯ ಎಂದು ಜನರ ಭಾವನೆ. ನಾನು ಬಹಳ ಒಳ್ಳೆಯ ಮನುಷ್ಯನಾಗಿದ್ದೆ.

ಅಕ್ಕ ಇರುವುದು ಹರಿಹರದಲ್ಲಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ನನಗೆ ಸ್ನಾನ ಮಾಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿದವಳು ಅವಳೇ. ಬಸ್ ಸ್ಟ್ಯಾಂಡ್ ಹತ್ತಿರ ಅವಳದೂ ಭಾವನದೂ ಮಂಡಕ್ಕಿ, ಮಿರ್ಚಿ ಅಂಗಡಿ. ಭಾವ ಬಾಣಲೆಯ ಮುಂದೆ, ಅಕ್ಕ ಮಂಡಕ್ಕಿ ಕಲಸುವ ಬುಟ್ಟಿಯ ಮುಂದೆ. ದಿನವಿಡೀ ಎಣ್ಣೆಯ ಹೊಗೆ, ಮೆಣಸಿನಕಾಯಿ ಘಾಟು. ಅವಳ ಕಣ್ಣು ಕೆಂಪಗಾಗಿ, ತುರಿಸಿ ತುರಿಸಿ ನೀರು ಸುರಿಯುತ್ತಿತ್ತು.

ಒಂದು ಸಲ ನಾನೇ ಒಂದು ಡ್ರಾಪ್ಸ್ ಕೊಟ್ಟೆ. ಎರಡೇ ದಿನಕ್ಕೆ ಕೆಂಪು ಇಳಿಯಿತು. "ಏನ್ ತಂಪಾತೋ ತಮ್ಮಾ, ಕಣ್ಣಾಗೆ ಮಜ್ಜಿಗೆ ಹೊಯ್ದಂಗಾತು ನೋಡು" ಎಂದು ಫೋನಿನಲ್ಲಿ ಹೊಗಳಿದ್ದೇ ಹೊಗಳಿದ್ದು. ನಾನು ಉಬ್ಬಿಹೋದೆ. ಆಮೇಲೆ ಅದೇ ರೂಢಿಯಾಯಿತು. ಪ್ರತಿ ಸಲ ಯಾರು ಕೊಂಡೊಯ್ಯುತ್ತಾರೆ ಎಂದು ಆರಾರು ಬಾಟಲಿ ಒಟ್ಟಿಗೇ ಕೊಟ್ಟುಬಿಡುತ್ತಿದ್ದೆ. ಅದರಲ್ಲಿ ಸ್ಟೀರಾಯ್ಡ್ ಇದೆ, ಕಣ್ಣಿನ ಡಾಕ್ಟರು ನೋಡದೆ ಬಹಳ ದಿನ ಹಾಕಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಡಬ್ಬಿಯೊಳಗೆ ಮಡಚಿಟ್ಟ ಕಾಗದದಲ್ಲಿ ಬರೆದೇ ಇರುತ್ತದೆ. ಆ ಕಾಗದವನ್ನು ಯಾರು ಬಿಡಿಸಿ ಓದುತ್ತಾರೆ? ಹೀಗೇ ಆರು ವರ್ಷ ನಡೆಯಿತು.

ಕಳೆದ ವರ್ಷ ಒಂದು ಸಂಜೆ ಅವಳ ಅಂಗಡಿಯಲ್ಲಿ ಕೂತಿದ್ದೆ. ಅವಳ ಬಲಗಡೆ ನಿಂತಿದ್ದ ಹೆಂಗಸೊಬ್ಬಳು ಪ್ಲೇಟು ಚಾಚಿಕೊಂಡೇ ಇದ್ದಳು. ಅಕ್ಕ ತಿರುಗಿಯೂ ನೋಡಲಿಲ್ಲ.

"ಏನಕ್ಕಾ, ಮಂದಿ ಕಂಡ್ರೆ ಇಷ್ಟು ಸೊಕ್ಕಾ ನಿಂಗೆ?" ಎಂದು ನಕ್ಕೆ.

ಅವಳು ನಗಲಿಲ್ಲ. "ಯಾಕ, ಆ ಕಡೆ ಯಾರದಾರೆ?" ಎಂದಳು.

ಭಾವ ಜಾಲರಿ ಸೌಟು ಹಿಡಿದುಕೊಂಡೇ ಹೇಳಿದರು: "ಈಗೀಗ ಹಂಗೇ ಮಾಡ್ತಾಳೆ. ಬಾಗ್ಲಿಗೆ ಭುಜ ಹೊಡ್ಕಂತಾಳೆ. ನೋಡ್ಕೊಂಡು ನಡಿಯೇ ಅಂತ ದಿನಾ ಬೈತೀನಿ." ಆ ಕಡೆ ಅವಳಿಗೆ ಕಾಣುತ್ತಲೇ ಇಲ್ಲ ಎಂದು ಆಗ ಹೊಳೆಯಿತು. ಮಾರನೆಯ ದಿನವೇ ದಾವಣಗೆರೆಯ ಕಣ್ಣಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ.

ಪರೀಕ್ಷೆ ಎಲ್ಲ ಮುಗಿದ ಮೇಲೆ ಅಕ್ಕನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಅಕ್ಕ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬಾಟಲಿ ಅವರ ಮೇಜಿನ ಮೇಲಿತ್ತು. ಈ ಡ್ರಾಪ್ಸಿನಿಂದಲೇ ಕಣ್ಣಿನೊಳಗೆ ಒತ್ತಡ ಏರಿ ಏರಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರ ಒಣಗಿದೆ ಎಂದರು. ಬಲಗಣ್ಣು ಬಹುತೇಕ ಹೋಗಿದೆ, ಎಡಗಣ್ಣು ಅರ್ಧ ಉಳಿದಿದೆ.

"ಆರು ವರ್ಷದಿಂದ ಇದನ್ನೇ ಹಾಕ್ತಿದಾರಂತೆ. ಯಾರ್ರೀ ಆ ಪುಣ್ಯಾತ್ಮ, ಕೊಡ್ತಾ ಹೋದೋನು?" ಎಂದು ಕೇಳಿದರು.

"ಹರಿಹರದಾಗೆ ಯಾವುದೋ ಅಂಗಡಿಯೋನು ಮೇಡಂ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! "ಅಂಥೋರನ್ನ ಒಳಗೆ ಹಾಕ್ಬೇಕು" ಎಂದರು. ಅದಕ್ಕೂ ಹೌದು ಮೇಡಂ ಎಂದು ತಲೆಯಾಡಿಸಿದೆ. ಛೀ, ಈಗಲೂ ಅದನ್ನು ನೆನೆದರೆ ಕನ್ನಡಿ ನೋಡಲು ಮನಸ್ಸಾಗುವುದಿಲ್ಲ.

ಹೋದ ನರ ಮತ್ತೆ ಬೆಳೆಯುವುದಿಲ್ಲವೇ ಎಂದು ಕೇಳಿದೆ. ಡಾಕ್ಟರಮ್ಮ ಸಮಾಧಾನವಾಗಿಯೇ ಬಿಡಿಸಿ ಹೇಳಿದರು. "ಇವತ್ತಿಗೆ ಇಲ್ಲ. ಚರ್ಮ ಕೊಯ್ದ್ರೆ ಕೂಡ್ಕೊಳ್ಳುತ್ತೆ, ಈ ನರ ಹಾಗಲ್ಲ. ಲ್ಯಾಬ್‌ಗಳಲ್ಲಿ ಪ್ರಯತ್ನ ನಡೀತಿದೆ. ಸತ್ತ ಜೀವಕೋಶದ ಜಾಗಕ್ಕೆ ಹೊಸವು ಬೆಳೆಸೋದು, ಉಳಿದ ನರವನ್ನ ಮತ್ತೆ ಚಿಗುರಿಸೋದು. ಇಲಿಗಳಲ್ಲಿ ಸ್ವಲ್ಪ ದೂರ ಬೆಳೆದಿದೆ. ಆದ್ರೆ ಅದು ಮಿದುಳಿನ ತನಕ ಹೋಗಿ ಸರಿಯಾದ ಜಾಗಕ್ಕೆ ಸೇರ್ಬೇಕಲ್ಲ? ಮನುಷ್ಯರಿಗೆ ಯಾವಾಗ ಅಂತ ಯಾರೂ ಹೇಳಕ್ಕಾಗಲ್ಲ. ಅಲ್ಲೀತನಕ ಉಳಿದಿರೋದನ್ನ ಕಾಪಾಡ್ಕೊಳ್ಳಿ. ಆ ಹಳೇದನ್ನ ಮುಟ್ಟಬಾರ್ದು. ಒತ್ತಡ ಇಳಿಸೋಕೆ ಬರೆದಿರೋದು ಒಂದು ದಿನಾನೂ ತಪ್ಪಬಾರ್ದು."

ಹೊರಗೆ ಬಂದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನನ್ನ ಚಪ್ಪಲಿ ಸದ್ದಿಗೇ "ಏನಂದ್ರೋ?" ಎಂದಳು.

"ವಯಸ್ಸಿಗೆ ಬರೋದಂತೆ ಅಕ್ಕಾ. ಔಷಧ ಬದ್ಲಿ ಮಾಡ್ಯಾರೆ. ಹಳೇದು ಬ್ಯಾಡಂತೆ." ಯಾಕೆ ಬೇಡ ಎಂದು ಹೇಳಲಿಲ್ಲ. ಅವಳ ಮುಖ ಇಳಿದುಹೋದದ್ದು ನೋಡಲಾಗದೆ ಇನ್ನೊಂದು ಸೇರಿಸಿದೆ: "ನರ ಚಿಗುರಿಸೋ ಔಷಧ ಬರಾಕತ್ತೈತಂತೆ. ಡಾಕ್ಟ್ರೇ ಅಂದ್ರು."

ಅವಳ ಮುಖ ಅರಳಿತು. ಆ ಅರಳಿದ ಮುಖ ನನಗೆ ಚಟವಾಗಿಬಿಟ್ಟಿತು. ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಅದೇ ಸುದ್ದಿ ಹುಡುಕುತ್ತಿದ್ದೆ. ಪತ್ರಿಕೆಯೊಂದರಲ್ಲಿ ಬಂದ ಲೇಖನ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು, ಭಾನುವಾರ ಹರಿಹರಕ್ಕೆ ಹೋಗಿ ಓದಿ ಹೇಳಿದೆ. ಇಲಿ ಎಂದು ಬಂದ ಕಡೆಯಲ್ಲೆಲ್ಲ ಹಾರಿಸಿದೆ. "ಇನ್ನೂ ಬಹಳ ದೂರವಿದೆ" ಎಂಬ ಕೊನೆಯ ಸಾಲನ್ನು ಓದಲೇ ಇಲ್ಲ. ಆಮೇಲೆ ನಾನು ಹೊಸಿಲು ದಾಟಿದರೆ ಸಾಕು, "ಬಂತೇನೋ?" ಎಂದು ಕೇಳುತ್ತಿದ್ದಳು. ಮಂಡಕ್ಕಿಗೆ ಬಂದವರ ಮುಂದೆಯೂ ಹೇಳಿಕೊಳ್ಳುತ್ತಿದ್ದಳು: "ನಮ್ ತಮ್ಮಂದೇ ಮೆಡಿಕಲ್ ಶಾಪ್ ಐತ್ರಿ. ಬಂದ ದಿನಾನೇ ನಂಗೆ ತರ್ತಾನೆ."

ನಿಜ ಹೇಳುತ್ತೇನೆ, ಆ ಔಷಧಕ್ಕೆ ನಾನು ಅವಳಿಗಿಂತ ಹೆಚ್ಚು ಕಾಯುತ್ತಿದ್ದೆ. ನರ ಮತ್ತೆ ಚಿಗುರಿದರೆ ನಾನು ಮಾಡಿದ್ದು ಮಾಡದಂತೆ ಆಗುತ್ತದೆ, ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ ಎಂಬ ಆಸೆ. ಅವಳ ಕಣ್ಣಿನ ಹೆಸರಿನಲ್ಲಿ ನನ್ನ ಮಾನಕ್ಕೇ ಔಷಧ ಹುಡುಕುತ್ತಿದ್ದೆ.

ಮೂರು ತಿಂಗಳ ನಂತರ ಮತ್ತೆ ತೋರಿಸಲು ಹೋದೆವು. ಸುತ್ತಲಿನದು ಎಷ್ಟು ಕಾಣುತ್ತದೆ ಎಂದು ಅಳೆಯುವ ಬೋಗುಣಿಯಂಥ ಯಂತ್ರದೊಳಗೆ ಅಕ್ಕ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಾನು ಪಕ್ಕದಲ್ಲಿ ನಿಂತು ಗುಂಡಿಯ ಟಿಕ್ ಸದ್ದಿಗೆ ಕಿವಿಗೊಟ್ಟೆ. ಎಡಗಣ್ಣಿಗೆ ಬಂದಾಗ ಎಷ್ಟೋ ಹೊತ್ತು ಸದ್ದೇ ಇಲ್ಲ. ಡಾಕ್ಟರಮ್ಮ ಹಾಳೆ ನೋಡಿ ಹುಬ್ಬು ಗಂಟಿಕ್ಕಿದರು. "ಒತ್ತಡ ಇಳಿದೇ ಇಲ್ಲ. ಎಡಗಣ್ಣೂ ಇನ್ನಷ್ಟು ಹೋಗಿದೆ. ಡ್ರಾಪ್ಸ್ ಸರಿಯಾಗಿ ಹಾಕ್ತಿದಾರೇನ್ರಿ?"

ಅವತ್ತು ಅಂಗಡಿ ಮುಚ್ಚಿ ಅಕ್ಕನ ಜೊತೆಗೇ ಹರಿಹರದ ಬಸ್ ಹತ್ತಿದೆ. ಮನೆಗೆ ಹೋದವನೇ ಔಷಧ ಎಲ್ಲಿ ಎಂದೆ. ಹೊಸ ಬಾಟಲಿ ದೇವರ ಗೂಡಿನಲ್ಲಿತ್ತು, ಮುಕ್ಕಾಲು ತುಂಬಿತ್ತು. ಅಡುಗೆಮನೆಯ ಬೇಳೆ ಡಬ್ಬಿಗಳ ಹಿಂದೆ ನನ್ನ ಅಂಗಡಿಯ ಹೆಸರಿದ್ದ ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೆಯ ಡ್ರಾಪ್ಸ್. ನಾಲ್ಕು ಖಾಲಿ, ಒಂದು ಅರ್ಧ.

"ಅಕ್ಕಾ, ಇದನ್ನ ಹಾಕಬ್ಯಾಡ ಅಂದಿದ್ನಲ್ಲೇ!" ಕಿರುಚಿಯೇಬಿಟ್ಟೆ.

ಅವಳು ತಪ್ಪು ಮಾಡಿದ ಮಗುವಿನ ಹಾಗೆ ಸೆರಗು ಹಿಡಿದುಕೊಂಡಳು. "ಬೈಬ್ಯಾಡೋ. ಹೊಸಾದು ಭಾಳ ಉರೀತೈತೆ. ಇದು ತಂಪು. ಹೆಂಗೂ ನರ ಚಿಗುರಿಸೋದು ಬರ್ತೈತಲ್ಲ, ಅಲ್ಲೀತನಕ ಯಾಕ ಉರಿ ತಡ್ಕಬೇಕು ಅಂದ್ಕೊಂಡೆ. ನೀ ಕೊಟ್ಟಿದ್ದು ಅಲ್ವಾ, ಅದ್ರಾಗೆ ಕೆಟ್ಟದ್ದು ಏನಿರ್ತೈತೆ?"

ಅವಳ ಮುಂದೆ ನೆಲದ ಮೇಲೆ ಕೂತೆ. ಎಲ್ಲವನ್ನೂ ಹೇಳಿದೆ. ಈ ಬಾಟಲಿಯಿಂದಲೇ ಕಣ್ಣು ಹೋದದ್ದು, ಡಾಕ್ಟರ ಮುಂದೆ ಯಾರದೋ ಮೇಲೆ ಹಾಕಿದ್ದು, ಎಲ್ಲ. ಅತ್ತೆನೋ ಇಲ್ಲವೋ ನೆನಪಿಲ್ಲ. ಅಕ್ಕ ನನ್ನ ಕೈಯಿಂದ ಆ ಬಾಟಲಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು:

"ಆರು ವರ್ಷ ಕೊಟ್ಟಿ. ನನ್ ಉರಿ ಹೋಗ್ಲಿ ಅಂತ ಕೊಟ್ಟಿ, ಅದು ಬಿಡು. ಈ ಮೂರು ತಿಂಗಳು ನಿಂಗೆ ಗೊತ್ತಿತ್ತಲ್ಲೋ. ಒಂದು ಮಾತು ಹೇಳಿದ್ರೆ ನಾ ಉರಿ ತಡ್ಕಂತಿದ್ದೆ."

ಬೈದಿದ್ದರೆ, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಎದ್ದು, ಗೋಡೆ ಸವರಿಕೊಂಡು ಹೋಗಿ ನನಗೆ ಚಹಾ ಇಟ್ಟಳು.

ಈಗ ದಿನಕ್ಕೆ ಎರಡು ಸಲ ಫೋನ್ ಮಾಡಿ ಡ್ರಾಪ್ಸ್ ಹಾಕಿಸುತ್ತೇನೆ. ಡಾಕ್ಟರಮ್ಮನ ಹತ್ತಿರ ಹೋಗಿ ಆ ಪುಣ್ಯಾತ್ಮ ನಾನೇ ಎಂದು ಹೇಳಿ ಬಂದಿದ್ದೇನೆ. ಕೌಂಟರಿಗೆ ಬಂದು ಅದೇ ಔಷಧ ಕೇಳಿದವರಿಗೆ ಚೀಟಿ ಇಲ್ಲದೆ ಕೊಡುವುದಿಲ್ಲ ಅನ್ನುತ್ತೇನೆ. ಗೊಣಗಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಅಕ್ಕನ ಎಡಗಣ್ಣಿನಲ್ಲಿ ಉಳಿದದ್ದು ಸದ್ಯಕ್ಕೆ ಉಳಿದಿದೆ. ಅವಳು ಈಗಲೂ ಅಂಗಡಿಯಲ್ಲಿ ಕೂತು ಮಂಡಕ್ಕಿ ಕಲಸುತ್ತಾಳೆ. ಆದರೆ ನಾನು ಹೊಸಿಲು ದಾಟಿದಾಗ "ಬಂತೇನೋ?" ಎಂದು ಕೇಳುವುದಿಲ್ಲ. ನಾನು ತಂದ ಜ್ವರದ ಮಾತ್ರೆಗೂ "ಒಳಗಿನ ಕಾಗದ ತೆಗಿ, ಪೂರ್ತಿ ಓದು" ಅನ್ನುತ್ತಾಳೆ. ಓದಿ ಮುಗಿಸುವ ತನಕ ನುಂಗುವುದಿಲ್ಲ.

ಹೋದ ಭಾನುವಾರ ತಾನಾಗಿಯೇ ಕೇಳಿದಳು. "ಆ ನರ ಚಿಗುರಿಸೋ ಪೇಪರ್ ಇಟ್ಟೀಯಾ? ಓದು."

ಜೇಬಿನ ಪರ್ಸಿನಲ್ಲೇ ಇತ್ತು, ಮಡಿಕೆಯಲ್ಲಿ ಹರಿದಿತ್ತು. ಬಿಡಿಸಿ ಓದತೊಡಗಿದೆ. ಈ ಸಲ ಏನನ್ನೂ ಬಿಡಲಿಲ್ಲ. ಎರಡನೆಯ ಸಾಲಿಗೇ ಕೈ ಎತ್ತಿ ನಿಲ್ಲಿಸಿದಳು.

"ಇಲಿಗಳಲ್ಲಿ ಅಂತ ಐತಾ?"

"ಐತೆ ಅಕ್ಕಾ."

"ಅವತ್ತು ಓದಿದಾಗ್ಲೂ ಇತ್ತಾ?"

"ಇತ್ತು."

ಅಕ್ಕ ನನ್ನ ಮುಖ ಇರುವ ಕಡೆಗೆ ಕತ್ತು ತಿರುಗಿಸಿ, ಉಳಿದ ಆ ಅರೆಗಣ್ಣಿನಲ್ಲಿ ನನ್ನನ್ನು ಹುಡುಕಿದಳು.

"ಸರಿ, ಮುಂದ ಓದು" ಎಂದಳು.