ಬ್ಯಾಡಪ್ಪ ‘ಬ್ಯಾಡ’ ಅನ್ನದ ದಿನ

ಗಜೇಂದ್ರಗಡದ ಹನಮಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಸುತ್ತಲ ಹಳ್ಳಿಗಳಿಗೆಲ್ಲ ಅವನು ಬ್ಯಾಡಪ್ಪ. ಮಾಳಿಗೆಯ ಮೇಲೆ ಸೋಲಾರ್ ಕೂರಿಸುವುದು ಅವನ ಕಸುಬು. ಕೂರಿಸಿದ ಮೇಲೆ ಮನೆಯವರನ್ನು ಸುಮ್ಮನೆ ಕೂರಲು ಬಿಡದಿರುವುದು ಅವನ ಸ್ವಭಾವ.

“ಪ್ಯಾನೆಲ್ ಬುಡಕ ಜ್ವಾಳದ ಕಣಕಿ ಒಟ್ಟಬ್ಯಾಡ್ರಿ. ಓಡಾಡೂ ಜಾಗಾದಾಗ ಮೆಣಸಿನಕಾಯಿ ಹರವಬ್ಯಾಡ್ರಿ. ಕೆಂಪು ಹ್ಯಾಂಡಲ್‌ಗೆ ಅಂಗಿ ತೂಗಹಾಕಬ್ಯಾಡ್ರಿ.”

ಪ್ಯಾನೆಲ್ಲಿನ ಅಡಿ ಖಾಲಿಯಾಗದೆ ಅವನು ಸೋಲಾರ್ ಚಾಲೂ ಮಾಡುವ ಆ ಹ್ಯಾಂಡಲ್ ಮುಟ್ಟುತ್ತಿರಲಿಲ್ಲ. ರಾಜೂರಿನ ಅಂದಾನೆಪ್ಪ ಸಾಹುಕಾರರು ಒಮ್ಮೆ ರೇಗಿದ್ದರು.

“ಏನೋ ಬ್ಯಾಡಪ್ಪಾ, ನಿನ್ನ ಲಗ್ನದಾಗ ಅಕ್ಕಿಕಾಳರ ಬೀಳಗೊಟ್ಟಿದ್ಯೋ ಇಲ್ಲೋ?”

“ಮಾಳಿಗಿ ಮ್ಯಾಲ ಲಗ್ನ ಆಗಿದ್ರ ಬೀಳಗೊಡತಿರಲಿಲ್ರಿ.”

“ಬೆಂಕಿ ಬಿದ್ರ ಮೇನ್ ತಗದು ನೀರು ಗೊಜ್ಜಿದ್ರ ಮುಗೀತಲ್ಲೋ!”

“ಮೇನ್ ತಗದ್ರ ಮನಿ ಕರೆಂಟ್ ಹೋಗತೈತ್ರಿ. ಸೂರ್ಯಾಗ ಮೇನ್ ಎಲ್ಲೈತ್ರಿ? ಬಿಸಲಿರೂತನಕ ಮ್ಯಾಲಿನ ವಾಯರ್ ಜೀವಂತ. ನೀರು ಹಾಕಬ್ಯಾಡ್ರಿ. ಕೆಳಗಿಳದು ಬಂದು ಫೋನ್ ಹಚ್ಚರಿ.”

ಎಲ್ಲರೂ ನಗುತ್ತಿದ್ದರು. ನಗುತ್ತಲೇ ಖಾಲಿ ಮಾಡುತ್ತಿದ್ದರು.

ಹೋದ ವರ್ಷ ನಾಗರ ಪಂಚಮಿಯ ಹಿಂದಿನ ದಿನ ಅವನು ತಂಗಿ ಮಾನವ್ವನನ್ನು ತವರಿಗೆ ಕರೆಯಲು ಸೂಡಿಗೆ ಹೋದ. ಆ ಮನೆಗೆ ಅವನೇ ಪ್ಯಾನೆಲ್ ಹಾಕಿ ಎರಡು ತಿಂಗಳಾಗಿತ್ತು. ಅಭ್ಯಾಸಬಲದಿಂದ ಮಾಳಿಗೆ ಹತ್ತಿದವನು ಅಲ್ಲೇ ನಿಂತ. ಪ್ಯಾನೆಲ್ಲಿನ ಅಡಿಯಲ್ಲಿ ಮೊಳಕಾಲೆತ್ತರ ಹತ್ತಿಕಟಗಿ. ಮೇಲೆ ಜಿಟಿಜಿಟಿ ಮಳೆ, ಕೆಳಗೆ ಒಲೆಗೆ ಬೇಕಾದಂಥ ಒಣ ಸೌದೆ. ಕಟ್ಟಿಗೆಯ ಸಂದಿಯಿಂದ ಒಂದು ಇಲಿ ಇಣುಕಿ, ಇವನನ್ನೇ ಅತಿಥಿಯಂತೆ ನೋಡಿ ಒಳಗೆ ಹೋಯಿತು.

ಬಾಯಿಯ ತನಕ ಬಂದ ಮಾತು ಅಲ್ಲೇ ನಿಂತಿತು. ಅವ್ವ ಬದುಕಿದ್ದಾಗ ಪ್ರತಿ ಪಂಚಮಿಗೂ ಹೇಳಿ ಕಳಿಸುತ್ತಿದ್ದಳು: ಕರೆಯಲು ಹೋದ ಅಣ್ಣನ ಬಾಯಲ್ಲಿ ‘ಬ್ಯಾಡ’ ಬರಬಾರದು, ಬಂದರೆ ತವರಿನ ದಾರಿಗೆ ಮುಳ್ಳು ಬೀಳುತ್ತದೆ. ಊರಿಗೆಲ್ಲ ಬ್ಯಾಡಪ್ಪನಾದವನು ಆ ಒಂದು ದಿನ ಮಾತ್ರ ಹನಮಪ್ಪನಾಗಿರುತ್ತಿದ್ದ.

“ಮಾನವ್ವಾ, ಆ ಕಟಗಿ...” ಎಂದ.

“ಹೊರಗ ಹಾಕಿದ್ರ ತೋಯ್ತಾವಣ್ಣಾ. ಹಬ್ಬ ಮುಗಿಸಿ ಬಂದು ತಗೀತೇನಿ,” ಎಂದಳು ಅವಳು, ಹೊಸ ಸೀರೆಯ ನೆರಿಗೆ ಸರಿಪಡಿಸುತ್ತ.

ಅವಳ ಗಂಡ ಪರಶಪ್ಪ ಬಾಗಿಲಲ್ಲೇ ನಕ್ಕ. “ಮಾಂವಾ, ಹೆಂಡ್ತಿನ್ನ ಕರಕೊಂಡು ಹೊಂಟಿ, ಕಟಗೀನರ ನನಗ ಬಿಡೋ! ಎರಡ ದಿನ ಅಡಗಿ ನಂದ ಐತಿ.”

ಹನಮಪ್ಪನೂ ನಕ್ಕ. ತಂಗಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೊರಟ.

ಮರುದಿನ ಮೋಡ ಸರಿದು ಚುರುಕು ಬಿಸಿಲು ಬಿತ್ತು. ಗಜೇಂದ್ರಗಡದ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಮಾನವ್ವ ನಿಂತು ಜೀಕುತ್ತಿದ್ದಳು. ನಲವತ್ತರ ಹೆಂಗಸು, ಹದಿನಾಲ್ಕರವಳ ಹಾಗೆ ಕೇಕೆ ಹಾಕುತ್ತಿದ್ದಳು. ಆಗ ಫೋನು ಬಂತು. ಪರಶಪ್ಪನ ನೆರೆಮನೆಯ ಜಾವೀದ.

ಇಲಿ ಕಡಿದ ವಾಯರು ಕಿಡಿ ಕಾರಿ ಕಟಗಿಗೆ ಹತ್ತಿತ್ತು. ಪರಶಪ್ಪ ಕೊಡಪಾನ ತುಂಬಿಕೊಂಡು ಓಡಿದ್ದ. ಜಾವೀದ ತನ್ನ ಅಂಗಳದಿಂದಲೇ ಕೂಗಿದ್ದ, “ಕಾಕಾ, ನೀರು ಬ್ಯಾಡ!” ಪರಶಪ್ಪ ಮೇಲಿನಿಂದ ಧೈರ್ಯವಾಗಿ ಹೇಳಿದನಂತೆ, “ಮೇನ್ ತಗದೇನಿ ತಮ್ಮಾ, ಏನಾಗೂದಿಲ್ಲ.”

ಅದೇ ಅವನ ಕೊನೆಯ ಮಾತು.

ಹನಮಪ್ಪ ಹಾರಾಡುವ ಜೋಕಾಲಿಯ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದ. ತಂಗಿ ನಗುತ್ತಲೇ, “ಇನ್ನೊಂದ್ಸಲ ಜೀಕತೇನಿ, ಬಿಡಣ್ಣಾ,” ಅಂದಿದ್ದಳು. ಆ ಮಾತು ಅವನ ಕಿವಿಯಲ್ಲಿ ಇಂದಿಗೂ ಜೀಕುತ್ತದೆ.

ಅವಳು ಅವನನ್ನು ಬೈಯಲಿಲ್ಲ. ಯಾಕೆ ಹೇಳಲಿಲ್ಲವೆಂದು ಕೇಳಲೂ ಇಲ್ಲ. ವರ್ಷವಿಡೀ ಫೋನಿನಲ್ಲಿ, “ಉಂಡ್ಯಾ ಅಣ್ಣಾ?” ಎಂದು ಅವಳೇ ವಿಚಾರಿಸುತ್ತಿದ್ದಳು. ಬೈದಿದ್ದರೆ ಅವನಿಗೆ ಒಂದು ಹೊತ್ತು ನಿದ್ದೆಯಾದರೂ ಬರುತ್ತಿತ್ತು.

ಈ ವರ್ಷ ಪಂಚಮಿಗೆ ಅವನು ಮತ್ತೆ ಸೂಡಿಗೆ ಹೋದ, ಶೇಂಗಾ ಉಂಡಿಯ ಡಬ್ಬಿ ಹಿಡಿದು. ಅವಳು ಬರುತ್ತಾಳೋ ಇಲ್ಲವೋ ಎಂಬ ಒಂದೇ ಪ್ರಶ್ನೆ ದಾರಿಯುದ್ದಕ್ಕೂ ಅವನ ಬೆನ್ನ ಹಿಂದೆ, ಖಾಲಿ ಸೀಟಿನಲ್ಲಿ ಕೂತಿತ್ತು.

ಮಾನವ್ವ ಮಾಳಿಗೆಯ ಮೇಲಿದ್ದಳು. ಸುಟ್ಟ ಎರಡು ಪ್ಯಾನೆಲ್ ಹೋಗಿ ನಾಲ್ಕು ಉಳಿದಿದ್ದವು, ವರ್ಷದಿಂದ ಬಂದ್ ಆಗಿದ್ದವು. ಅವುಗಳ ಅಡಿಯಲ್ಲಿ ಕಸಬರಿಗೆಯ ಗೆರೆ ಬಿಟ್ಟು ಇನ್ನೇನೂ ಇರಲಿಲ್ಲ.

“ದಿನಾ ಉಡಗತೇನಿ,” ಎಂದಳು. “ಖಾಲಿ ಆದ್ರ ಚಾಲೂ ಮಾಡತಿಯಲ್ಲಾ, ನೋಡು, ಆಗೇತಿ.”

“ಮಾನವ್ವಾ, ಕರಿಯಾಕ ಬಂದೇನಿ. ನಡಿಯವಾ.”

“ಬ್ಯಾಡಣ್ಣಾ.”

ಅವನದೇ ಮಾತು. ಇಪ್ಪತ್ತು ವರ್ಷ ಊರೂರು ಹಂಚಿದ್ದ. ಅದು ಇಷ್ಟು ಭಾರವೆಂದು ಯಾರೂ ಅವನಿಗೆ ಹೇಳಿರಲಿಲ್ಲ.

“ಅವತ್ತ ನೀ ಬ್ಯಾಡಂತ ಬೈದಿದ್ರ ನಾ ಅಳತಿದ್ದೆ,” ಎಂದಳು, ಕಸಬರಿಗೆಯನ್ನು ಗೋಡೆಗೆ ಆನಿಸುತ್ತ. “ಒಂದ ದಿನ ಅಳತಿದ್ದೆ.”

ಹನಮಪ್ಪ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟ. ರಬ್ಬರ್ ಕೈಗವಸು ತೊಟ್ಟು ಬೆಸುಗೆ ಬಿಟ್ಟ ಕಡೆ ವಾಯರು ತಡವಿ ನೋಡಿದ, ಇಲಿ ಕಡಿಯದಂತೆ ಹೊಸ ಪೈಪು ತೊಡಿಸಿದ. ಅವನ ಕೈಗೆ ಬೇರೇನೂ ತಿಳಿಯುತ್ತಿರಲಿಲ್ಲ. ಇಳಿಬಿಸಿಲಿನ ತನಕ ಕೆಲಸ ಮಾಡಿದ. ಮಾನವ್ವ ಎರಡು ಸಲ ಚಹಾ ತಂದಿಟ್ಟಳು, ಒಂದು ಉಂಡಿ ಮುರಿದು ಅರ್ಧ ಅವನ ಕೈಗೆ ಕೊಟ್ಟಳು. ಕೆಂಪು ಹ್ಯಾಂಡಲ್ ಎತ್ತಿ ಕೆಳಗಿಳಿದಾಗ ಮನೆಯ ಸೋಲಾರ್ ದೀಪ ಹತ್ತಿತು.

ಹಿಂದಿನ ಸೀಟಿಗೆ ಉಪಕರಣದ ಚೀಲ ಕಟ್ಟಿಕೊಂಡು ಅವನು ಒಬ್ಬನೇ ಹೊರಟ.