ವ್ಯಾನಿನೊಳಗೆ ಕಟ್ಟಿದ ಗಾಳದ ಕೋಲು

ಆ ಗಾಳದ ಕೋಲು ಮುರಿದದ್ದು ನಾನು. ಹಂಪ್ ಅಲ್ಲ, ಮಗಳ ಬ್ರೇಕೂ ಅಲ್ಲ. ಆದರೆ ಅವತ್ತು ಸಂಜೆಯವರೆಗೆ ಇದು ನನಗೇ ಗೊತ್ತಿರಲಿಲ್ಲ. 

ಮಗಳು ಬಾಡಿಗೆಗೆ ವ್ಯಾನು ಓಡಿಸುತ್ತಾಳೆ. ಹಂಗಾರಕಟ್ಟೆಯ ನಮ್ಮ ಕೇರಿಯಲ್ಲಿ ಈ ಕೆಲಸ ಮಾಡುವ ಹೆಂಗಸು ಅವಳೊಬ್ಬಳೇ. ಬಾಡಿಗೆಗೆ ಕರೆಯಲು ಬಂದವರು ಮೊದಲು ಅವಳ ಮುಖ ನೋಡುತ್ತಾರೆ, ಆಮೇಲೆ ಗಂಡ ಬರುವುದಿಲ್ಲವಾ ಎಂದು ಕೇಳುತ್ತಾರೆ. ಅಂಥದ್ದರಲ್ಲಿ ಗುಲ್ವಾಡಿಯಲ್ಲಿ ಹೊಳೆಬದಿಗೆ ಮನೆ ಕಟ್ಟಿಸಿ ಪ್ರವಾಸಿಗರನ್ನು ಇಳಿಸಿಕೊಳ್ಳುವವರೊಬ್ಬರು ಅವಳನ್ನು ಕರೆದರು. ಮೈಸೂರು ಕಡೆಯ ಒಬ್ಬರು ಬಂದಿದ್ದರು. ಅವರನ್ನು ಹತ್ತು ದಿನ ಮೀನು ಹಿಡಿಯುವ ಜಾಗಗಳಿಗೆ ಸುತ್ತಾಡಿಸಬೇಕು. ಇದು ಸರಿ ಹೋದರೆ ಮುಂದೆ ಬರುವವರನ್ನೂ ಅವಳಿಗೇ ಕೊಡುತ್ತೇವೆ ಎಂದಿದ್ದರು. ತಪ್ಪಿದರೆ, ಹೆಂಗಸಿಗೆ ಯಾಕೆ ಬೇಕಿತ್ತು ಎನ್ನಲು ಊರಿಡೀ ಕಾದು ಕುಳಿತಿತ್ತು.

ನಾನು ಆಗ ಯಡ್ತರೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಮೈಸೂರಿನವರು ಅವತ್ತು ಬೆಳಿಗ್ಗೆ ಬೈಂದೂರಿನ ಹೊಳೆಬಾಯಿಯಲ್ಲಿ ಗಾಳ ಹಾಕಿ, ಅಲ್ಲಿಂದ ಹಂಗಾರಕಟ್ಟೆಗೆ ಬರುವವರಿದ್ದರು. ಹೇಗೂ ವ್ಯಾನು ಮನೆ ಕಡೆಗೇ ಬರುವುದು, ಅವರನ್ನು ಕೇಳಿದ್ದೇನೆ, ನೀನೂ ಹತ್ತಿಕೋ ಎಂದಳು ಮಗಳು. ಒಣಮೀನಿನ ಗಂಟು ಹಿಡಿದುಕೊಂಡು ಹತ್ತಿದೆ.

ಒಳಗೆ ಕೂರುವುದಕ್ಕೇ ದಾರಿಯಿಲ್ಲ. ಮೂರು ಕೋಲು, ಒಂದೊಂದೂ ಆಳಿಗಿಂತ ಉದ್ದ, ಪೂರ್ತಿ ಜೋಡಿಸಿ ನೂಲು ಪೋಣಿಸಿದ್ದು. ಹಿಡಿ ಮುಂದಿನ ಗಾಜಿನ ಹತ್ತಿರ, ತುದಿ ಹಿಂದೆ ನನ್ನ ಕಿವಿಯ ಪಕ್ಕ. ತುದಿ ಎಂದರೆ ಗುಡಿಸುವ ಹಿಡಿಸೂಡಿಯ ಕಡ್ಡಿಯಷ್ಟು ಸಪೂರ. ಗಾಳದಲ್ಲಿ ಎರೆಗೆ ಸಿಗಡಿಯೂ ಇಲ್ಲ, ಎಂಥದ್ದೂ ಇಲ್ಲ, ಒಂದು ಚಿಟಿಕೆ ಹಕ್ಕಿಗರಿ. ಬಿಚ್ಚಿ ಚೀಲದಲ್ಲಿ ಹಾಕಬಾರದಾ ಎಂದೆ. ಬಿಚ್ಚಿ ಮತ್ತೆ ಜೋಡಿಸುವಷ್ಟರಲ್ಲಿ ಹಂಗಾರಕಟ್ಟೆಯಲ್ಲಿ ಉಬ್ಬರದ ನೀರು ಇಳಿದುಬಿಡುತ್ತದೆ ಎಂದರು ಮುಂದೆ ಕೂತಿದ್ದ ಮೈಸೂರಿನವರು. ಆ ಮಾತು ನನಗೆ ಅರ್ಥವಾಯಿತು. ಅರ್ಥವಾದದ್ದು ಅದೊಂದೇ.

ಬೆಳಿಗ್ಗೆ ಎಂತ ಸಿಕ್ಕಿತು ಎಂದು ಕೇಳಿದೆ. ಒಳ್ಳೆಯ ಕೆಂಬೇರಿ ಸಿಕ್ಕಿತು, ಬಿಟ್ಟುಬಿಟ್ಟೆ ಎಂದರು. ಮರಿಯಾ ಎಂದರೆ ಅಲ್ಲವಂತೆ, ಮೊಳದುದ್ದ ಇತ್ತಂತೆ. ಕೆಟ್ಟಿತ್ತಾ ಎಂದರೆ, ಜೀವಂತ ಮೀನು ಕೆಡುವುದು ಹೇಗೆ ಅಮ್ಮ ಎಂದು ನಕ್ಕರು. ಮೈಸೂರಿನಿಂದ ಬಂದು ಕೆಂಬೇರಿ ಹಿಡಿದು ವಾಪಸು ನೀರಿಗೆ ಬಿಡುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು, ಒಣಮೀನಿನ ಗಂಟನ್ನು ಮಡಿಲಿಗೆ ಎಳೆದುಕೊಂಡೆ.

ಕುಂದಾಪುರದಲ್ಲಿ ವ್ಯಾನು ನಿಲ್ಲಿಸಿ ಇಬ್ಬರೂ ಚಾ ಕುಡಿಯಲು ಇಳಿದರು. ಇಳಿಯುವಾಗ ಅವರು, "ಅಮ್ಮ, ಕೋಲು ಸ್ವಲ್ಪ ನೋಡ್ಕೊಳ್ಳಿ" ಎಂದು ಹೇಳಿ ಹೋದರು. ನಾನು ನೋಡಿದೆ. ಮೂರು ಕೋಲಿನ ತುದಿಗೂ ಒಂದು ಕಟ್ಟಿಲ್ಲ, ಬರೀ ಮಡಚಿದ ಟವೆಲಿನ ಮೇಲೆ ಒರಗಿಸಿದ್ದಾರೆ. ಯಡ್ತರೆಯಿಂದ ಅಲ್ಲಿಯವರೆಗೂ ಅವು ಇಲಿಬಾಲದ ಹಾಗೆ ಕುಣಿಯುತ್ತಲೇ ಬಂದಿದ್ದವು. ನನ್ನ ಗಂಡ ದೋಣಿಯವರು. ದೋಣಿ ಒತ್ತುವ ಗಳವನ್ನು ಬಿಗಿದು ಕಟ್ಟದೆ ಅವರು ನೀರಿಗೆ ಇಳಿದದ್ದೇ ಇಲ್ಲ. ಗಳ ಅಲ್ಲಾಡಿದರೆ ಯಾರದಾದರೂ ಹಲ್ಲು ಹೋಗುತ್ತದೆ. ಆ ಗಂಟು ಹಾಕುವುದನ್ನು ನನಗೂ ಕಲಿಸಿದ್ದರು, ಎಷ್ಟು ಎಳೆದರೂ ಜಾರುವುದಿಲ್ಲ. ಒಣಮೀನಿನ ಗಂಟಿಗೆ ಸುತ್ತಿದ್ದ ಹಳೆಸೀರೆಯ ಪಟ್ಟಿ ಬಿಚ್ಚಿ, ಮೂರೂ ತುದಿ ಸೇರಿಸಿ ಹಿಂದಿನ ಕಿಟಕಿಯ ಸರಳಿಗೆ ಬಿಗಿದೆ. ಅಲ್ಲಾಡಿಸಿ ನೋಡಿದೆ, ಮಿಸುಕಲಿಲ್ಲ. ಈಗ ಸರಿಯಾಯಿತು ಅನ್ನಿಸಿತು. ಚಾ ಕುಡಿದು ಬಂದ ಇಬ್ಬರೂ ಮುಂದೆ ಹತ್ತಿ ಕೂತರು, ಹಿಂದೆ ತಿರುಗಿ ನೋಡಲಿಲ್ಲ.

ಸಾಸ್ತಾನದಲ್ಲಿ ಪಡುವಣಕ್ಕೆ ತಿರುಗಿದ ಮೇಲೆ ಒಂದು ಹಂಪ್. ವ್ಯಾನು ಹತ್ತಿ ಇಳಿಯಿತು. ಟಕ್ ಎಂದು ಒಂದು ಸದ್ದು. ಗಾಜಿಗೆ ಕಲ್ಲು ಬಿತ್ತು ಎಂದುಕೊಂಡೆವು, ಮೂವರೂ.

ಹಂಗಾರಕಟ್ಟೆ ಮುಟ್ಟಿದ ಕೂಡಲೇ ನಾನು ಇಳಿಯುವ ಅವಸರದಲ್ಲಿ, ತುದಿ ನೋಡದೆ, ನನ್ನ ಪಟ್ಟಿ ಬಿಚ್ಚಿ ಗಂಟಿಗೆ ಸುತ್ತಿದೆ. ಮುಚ್ಚಿಡಬೇಕೆಂದಲ್ಲ, ಒಣಮೀನು ಚೆಲ್ಲುತ್ತದಲ್ಲ. ಅವರು ಹಿಂದಿನ ಬಾಗಿಲು ತೆಗೆದಾಗ ಒಂದು ಕೋಲಿನ ತುದಿ, ಗೇಣುದ್ದ, ನೂಲಿನಲ್ಲಿ ನೇತಾಡುತ್ತಿತ್ತು. ಅವರು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಹಂಪ್ ಇನ್ನೂ ನಿಧಾನಕ್ಕೆ ಹತ್ತಿಸಬೇಕಿತ್ತಮ್ಮ ಎಂದು ಮಗಳಿಗೆ ಹೇಳಿದರು. ದನಿ ಏರಿಸಲಿಲ್ಲ.

ಆಗ ನಾನು ಮಗಳ ಕಡೆ ತಿರುಗಿ ಬಾಯಿ ಬಿಟ್ಟೆ. "ಹೆಣೆ, ನೀ ಹಂಪ್ ಕಾಣ್ಲಿಲ್ಯಾ?"

"ಅಮ್ಮ, ನಾ ನಿಧಾನ್ವೇ ಹತ್ಸದ್."

"ಹಂಗಾರೆ ಕೋಲ್ ತನ್ನಷ್ಟಕ್ಕೆ ಮುರಿತಾ?"

ಹೆತ್ತ ತಾಯಿಯೇ ಹಾಗೆ ಹೇಳಿದ ಮೇಲೆ ಅವರು ಇನ್ನು ಯಾರನ್ನು ಕೇಳಬೇಕು? ಆಚೆ ಹೋಗಿ ಗುಲ್ವಾಡಿಗೆ ಫೋನು ಮಾಡಿದರು. ನಾಳೆಗೆ ಬೇರೆ ಡ್ರೈವರ್ ಬೇಕು ಎಂದದ್ದು ಇಲ್ಲಿಗೂ ಕೇಳಿತು. ಮಗಳು ನನ್ನ ಹತ್ತಿರ ಮಾತು ಬಿಟ್ಟಳು.

ನನಗೆ ತಲೆ ಓಡಲಿಲ್ಲ. ಕಟ್ಟಿದ್ದು ಮುರಿಯುವುದು ಹೇಗೆ? ಕಟ್ಟದೆ ಇದ್ದಾಗ ಬೈಂದೂರಿನಿಂದ ಕುಂದಾಪುರದವರೆಗೆ ಏನೂ ಆಗಲಿಲ್ಲ. ಕೋಲು ಮೊದಲೇ ಲಡ್ಡಾಗಿ ಬಲ ಕಳೆದುಕೊಂಡಿತ್ತಾ? ಅವರು ಕೆಂಬೇರಿ ಎಳೆಯುವಾಗಲೇ ಸೀಳಿತ್ತಾ? ಬಟ್ಟೆ ಒಗೆಯುವಾಗಲೂ ಅದೇ, ಅನ್ನ ಬಸಿಯುವಾಗಲೂ ಅದೇ.

ಸಂಜೆ ಹಿಡಿಸೂಡಿಗೆಂದು ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದೆ. ಒಂದು ಉದ್ದ ಕಡ್ಡಿಯ ಬುಡ ಹಿಡಿದು ಅಲ್ಲಾಡಿಸಿದೆ. ತುದಿ ಬಾಗಿತು, ಕುಣಿಯಿತು, ನೆಟ್ಟಗಾಯಿತು. ಎಷ್ಟು ಅಲ್ಲಾಡಿಸಿದರೂ ಅಷ್ಟೇ. ಆಮೇಲೆ ಅದರ ತುದಿಯನ್ನು ಕಿಟಕಿಯ ಸರಳಿಗೆ ಆ ಪಟ್ಟಿಯಲ್ಲೇ, ಆ ಗಂಟಿನಲ್ಲೇ ಬಿಗಿದು, ಬುಡ ಹಿಡಿದು ಹಂಪ್ ಹತ್ತಿದ ಹಾಗೆ ಒಮ್ಮೆ ಎತ್ತಿದೆ. ಟಕ್. ತುದಿಯಿಂದ ಗೇಣು ಬಿಟ್ಟು, ಅದೇ ಜಾಗದಲ್ಲಿ.

ಇನ್ನೊಂದು ಕಡ್ಡಿ ಕಟ್ಟಿದೆ. ಅದೂ ಹಾಗೇ. ಐದು ಕಡ್ಡಿ ಮುರಿದೆ. ದೋಣಿಯ ಗಳ ದಪ್ಪ, ಅದಕ್ಕೆ ಕಟ್ಟು ಬೇಕು. ಈ ಗಾಳದ ಕೋಲು ಕುಣಿದುಕೊಂಡೇ ಬದುಕುವ ಜಾತಿ. ಅದನ್ನು ನನಗೆ ಯಾರು ಹೇಳಬೇಕಿತ್ತು, ನಾನು ಯಾರನ್ನು ಕೇಳಬೇಕಿತ್ತು?

ಮಾರನೆಯ ಬೆಳಿಗ್ಗೆ ಮಗಳು ಏಳುವ ಮೊದಲೇ ಹೊರಟೆ. ಎರಡು ಬಸ್ಸು ಬದಲಿಸಿ ಗುಲ್ವಾಡಿಯಲ್ಲಿ ಇಳಿದೆ. ಮೈಸೂರಿನವರು ಜಗಲಿಯಲ್ಲಿ ಕುಳಿತು ಗಾಳಕ್ಕೆ ಗರಿ ಕಟ್ಟುತ್ತಿದ್ದರು. ಕೂರಿ ಎಂದರು, ಕೂರಲಿಲ್ಲ.

"ಕೋಲ್ ಕಟ್ಟದ್ ನಾನ್, ಮುರ್ದದ್ದೂ ನಾನ್. ನನ್ ಮಗಳ್ ಹಂಪ್ ಸಮಾ ಹತ್ಸಿದ್ಲ್."

ಅವರು ನಂಬಿದ ಹಾಗೆ ಕಾಣಲಿಲ್ಲ. ಮಗಳನ್ನು ಉಳಿಸಲು ಬಂದಿದ್ದಾಳೆ ಎಂದುಕೊಂಡಿರಬೇಕು. ತಂದಿದ್ದ ಕಡ್ಡಿ, ಪಟ್ಟಿ ತೆಗೆದು ಅವರ ಕಿಟಕಿಗೇ ಕಟ್ಟಿ ತೋರಿಸಿದೆ. ಟಕ್ ಎಂದಿತು. ಅವರು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. ಮುರಿದ ಕೋಲಿನ ತುದಿಯನ್ನು ಒಳಗಿನಿಂದ ತಂದು ಅದನ್ನೂ ಮೂಸಿದರು. ಎರಡರಲ್ಲೂ ಒಣಮೀನಿನ ವಾಸನೆ.

ಇವತ್ತಿಗೆ ಬೇರೆ ಗಾಡಿ ಹೇಳಿ ಆಗಿದೆ, ನಾಳೆಯಿಂದ ಬರಲು ಮಗಳಿಗೆ ಹೇಳಿ ಎಂದರು. ನೀವೇ ಹೇಳಿ, ಅವಳು ನನ್ನ ಹತ್ತಿರ ಮಾತಾಡುವುದಿಲ್ಲ ಎಂದೆ. ಅವರು ಫೋನು ಹಚ್ಚಿದರು. ಅವಳು ಎತ್ತಿದ್ದನ್ನು ಕೇಳಿಸಿಕೊಂಡು, ಪಟ್ಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಬಸ್ಸಿಗೆ ನಡೆದೆ.